ಹೆರಾಯಿಸಜ್ಜಿಯ ಪುಸ್ತಕ, ನನ್ನ ಮೀನು

ಹಾಥೂರ್ ತಿಂಗಳು, ೪

ಹೊಟ್ಟೆಯುರಿಗೆ ವೈದ್ಯ ಎರಡು ಮದ್ದು ಹೇಳಿದ್ದಾನೆ. ಒಂದು, ಮೂಲಂಗಿ ಎಣ್ಣೆ ಬಿಡುವುದು. ಎರಡು, ಸಿಟ್ಟು ಬಂದಾಗ ಕೂಗಾಡದೆ ಅದನ್ನು ಬರೆದಿಡುವುದು. ಮೂಲಂಗಿ ಎಣ್ಣೆ ಬಿಟ್ಟರೆ ಅಕ್ಕ ತೌಸಿರಿಸ್ ಅಡುಗೆಯನ್ನೇ ಬಿಡುತ್ತಾಳೆ. ಆದ್ದರಿಂದ ಬರೆಯುತ್ತಿದ್ದೇನೆ, ರದ್ದಾದ ಗೇಣಿಪತ್ರಗಳ ಬೆನ್ನ ಮೇಲೆ. ಯಾರಾದರೂ ಓದಿಬಿಟ್ಟಾರು ಎಂಬ ಭಯವಿಲ್ಲ. ಅಕ್ಕನಿಗೆ ಅಕ್ಷರ ಬಾರದು. ಊರಿನ ಉಳಿದವರು ಈ ಕೊಪ್ರೇಸ್ ಬರೆದದ್ದು ಎಂದರೆ ಸಾಕು, ತುರ್ತು ಕೆಲಸ ನೆನಪಾಗಿ ಎದ್ದು ಹೋಗುತ್ತಾರೆ.

ಅದೇ ಮೊದಲ ಸಿಟ್ಟು. ನಮ್ಮ ಊರಿಗೆ ಚೂಪುಮೂತಿ ಮೀನಿನ ಹೆಸರಿದೆ. ಅದು ದೇವರ ಮೀನು, ನಾವು ತಿನ್ನುವುದಿಲ್ಲ. ಆ ಮೀನಿನ ಮೇಲೆ ಹನ್ನೆರಡು ಸರ್ಗಗಳ ಮಹಾಕಾವ್ಯ ಬರೆದವನು ಇಡೀ ಐಗುಪ್ತದಲ್ಲಿ ನಾನೊಬ್ಬನೇ. ಮೂರು ವರ್ಷದ ಹಿಂದೆ ನೈಲ್ ಹಬ್ಬದಲ್ಲಿ ನಗರದ ಅಧಿಕಾರಿ ಸರಪಮ್ಮೋನ್ ಮೊದಲ ಸರ್ಗವನ್ನು ಕಡೆಯವರೆಗೂ ಕೇಳಿ "ಅಮೋಘ" ಎಂದರು. ಆಮೇಲೆ ಒಬ್ಬರೂ ಕೇಳಿಲ್ಲ. ಎರಡನೆಯ ಸರ್ಗದಲ್ಲಿ ಮೀನಿಗೆ ಮಾತು ಬರುತ್ತದೆ, ಅದು ಯಾರಿಗೂ ಗೊತ್ತೇ ಇಲ್ಲ.

ಇಂದಿನ ಸಿಟ್ಟು ಬೇರೆ. ಸೆರಾಪಿಸ್ ದೇವಸ್ಥಾನದ ಮೆಟ್ಟಿಲ ಬಳಿ ನನ್ನ ಮಣೆ ಹಾಕಿಕೊಂಡು ಇಪ್ಪತ್ತಾರು ವರ್ಷದಿಂದ ಅರ್ಜಿ, ಕರಾರು, ಪತ್ರ ಬರೆದುಕೊಡುತ್ತಿದ್ದೇನೆ. ಬೆಳಿಗ್ಗೆ ಒಬ್ಬಳು ಮುದುಕಿ ಎದುರಿಗೆ ಬಂದು ಕುಳಿತಳು. ಹೆಸರು ಹೆರಾಯಿಸ್, ನೇಯ್ಗೆಯವಳು, ಎಪ್ಪತ್ತರ ಮೇಲಾಗಿದೆ. ಚೀಲದಿಂದ ಒಂದು ಪುಸ್ತಕ ತೆಗೆದಳು. ಅಂಚೆಲ್ಲ ಇಲಿ ಕಡಿದಿತ್ತು.

"ಇದನ್ನ ಹೊಸದಾಗಿ ಬರ್ಕೊಡು ಮಗಾ. ನಮ್ಮ ಜನಕ್ಕೆ ಇರೋದು ಇದೊಂದೇ."

ತೆರೆದು ನೋಡಿದೆ. ಕ್ರೈಸ್ತರ ಪುಸ್ತಕ. ಅವರ ಗುರುವಿನ ಕಥೆ. ಸುರುಳಿಯಲ್ಲ, ಹಾಳೆ ಮಡಿಚಿ ನಡುವೆ ಹೊಲಿದದ್ದು. ಮರ್ಯಾದಸ್ಥ ಕೃತಿಗಳು ಸುರುಳಿಯಲ್ಲಿರುತ್ತವೆ. ಹೊಲಿದ ಪುಸ್ತಕ ಇಟ್ಟುಕೊಳ್ಳುವವರು ಅಡುಗೆಯವರು ಮತ್ತು ಕತ್ತೆ ವ್ಯಾಪಾರಿಗಳು.

"ಸುರುಳಿಯಲ್ಲಿ ಬರೆದುಕೊಡ್ತೀನಿ, ಅಜ್ಜಿ."

"ಬೇಡ. ಹೊಲಿದದ್ದೇ ಬೇಕು. ಸೆರಗಿನಡಿ ಹಿಡಿಯುತ್ತೆ. ಆ ಕಾಸ್ತೋರನ್ನ ಮೊದಲು ಕೇಳ್ದೆ, ಆಗಲ್ಲ ಅಂದ. ಅಕ್ಷರ ಚೆನ್ನಾಗಿದ್ರೆ ಸಾಕು, ಸ್ವಭಾವ ಹೇಗಾದ್ರೂ ಇರ್ಲಿ ಅಂತ ನಿನ್ನ ಹತ್ರ ಬಂದೆ."

ಕಾಸ್ತೋರ್ ನನ್ನ ಬಲಗಡೆ ಕೂರುವ ಅರ್ಜಿ ಬರಹಗಾರ. ಅವನ ಅಕ್ಷರ ಕೋಳಿ ಕೆದಕಿದಂತೆ. ಅವನಿಗೆ ಆಗದ್ದು ನನಗೆ ಆಗುತ್ತದೆ ಎಂದು ತೋರಿಸಲೆಂದೇ ಒಪ್ಪಿಕೊಂಡೆ. ಕೂಲಿ ಒಂದು ಉಣ್ಣೆಯ ಹೊದಿಕೆ. ಚಳಿಗಾಲ ಬಂತಲ್ಲ.

ಹಾಥೂರ್ ೧೬

ಹೊಲಿದ ಪುಸ್ತಕ ಮಾಡುವುದು ನಾನೆಣಿಸಿದಷ್ಟು ಸುಲಭವಲ್ಲ. ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಮಡಿಚಬೇಕು. ಒಳಗಿನವು ಹೊರಗೆ ಚಾಚುತ್ತವೆ, ಕತ್ತರಿಸಬೇಕು. ಗಿರಾಕಿಯ ಕೆಲಸದಲ್ಲಿ ಕೈ ಕೆಡಿಸಿಕೊಳ್ಳಬಾರದೆಂದು ಮೊದಲು ನನ್ನ ಮೀನಿನ ಕಾವ್ಯವನ್ನೇ ಹಾಗೆ ಬರೆದು ಅಭ್ಯಾಸ ಮಾಡಿದೆ. ಹತ್ತು ದಿನ ಹಿಡಿಯಿತು. ಇವತ್ತು ಹೊಲಿದು ಮುಗಿಸಿದೆ. ಎಷ್ಟು ಚೆಂದ ಬಂದಿದೆಯೆಂದರೆ ಮೂರು ಸಲ ಮುಟ್ಟಿ ನೋಡಿದೆ. ಹಳೆಯ ಸುರುಳಿಗಳೊಂದಿಗೆ ಹೋಲಿಸೋಣವೆಂದು ಪೆಟ್ಟಿಗೆ ತೆರೆದರೆ ಖಾಲಿ.

"ಅಕ್ಕಾ, ನನ್ನ ಸುರುಳಿಗಳೆಲ್ಲಿ?"

"ಹಳೇವಾ? ಹೊಸದು ಬರ್ದಾಯ್ತಲ್ಲ ಅಂತ ಮೀನಿನವನಿಗೆ ಕೊಟ್ಟೆ. ಎರಡು ಮೀನು ಹೆಚ್ಚಿಗೆ ಹಾಕ್ದ."

"ಮಹಾಕಾವ್ಯ ಕಣೇ ಅದು!"

"ಅದಕ್ಕೇ ಎರಡು. ಬರೀ ಅರ್ಜಿ ಆಗಿದ್ರೆ ಒಂದೇ ಕೊಡೋನು."

ಪಕ್ಕದ ಮನೆಗೆ ಮಧ್ಯಾಹ್ನ ಬಂದ ಮೀನು ನನ್ನ ಆರನೆಯ ಸರ್ಗದಲ್ಲಿ ಸುತ್ತಿಕೊಂಡಿತ್ತು. ಇನ್ನು ಈ ಹೊಲಿದ ಪುಸ್ತಕವೊಂದೇ ಉಳಿದದ್ದು.

ಹಾಥೂರ್ ೧೯

ಅಜ್ಜಿಯ ಪುಸ್ತಕ ಶುರುಮಾಡಿದೆ. ಶೈಲಿಯೇ ಇಲ್ಲ. ಉಪಮೆಯಿಲ್ಲ, ಅಲಂಕಾರವಿಲ್ಲ. ಅವನು ಬಂದ, ಅವನು ಹೇಳಿದ, ಇವರು ಹೋದರು, ಅಷ್ಟೆ. ಸಂತೆಯಿಂದ ಬಂದವನು ಸುದ್ದಿ ಹೇಳಿದ ಹಾಗೆ. ನಾನಾಗಿದ್ದರೆ ಮೊದಲ ಪುಟದಲ್ಲೇ ನದಿಯ ವರ್ಣನೆ ತರುತ್ತಿದ್ದೆ. ನದಿಯಿದೆ, ಜನ ಅದರೊಳಗೆ ಮುಳುಗುತ್ತಲೂ ಇದ್ದಾರೆ, ನೀರಿನ ಬಣ್ಣ ಏನೆಂದು ಒಂದು ಮಾತಿಲ್ಲ!

ಅಜ್ಜಿ ಕದಿರು ತಂದು ಎದುರಿಗೇ ಕೂರುತ್ತಾಳೆ, ನೂಲುತ್ತಾಳೆ, ನೋಡುತ್ತಾಳೆ. ಓದು ಬಾರದು. ಆದರೂ ಮೊದಲ ಪುಟ ಮುಗಿದ ಕೂಡಲೇ ಬೆರಳಿಟ್ಟಳು.

"ಗೆರೆ ಎಲ್ಲಿ?"

"ಯಾವ ಗೆರೆ?"

"ಹಳೇದ್ರಲ್ಲಿ ಅಲ್ಲಲ್ಲಿ ತಲೆ ಮೇಲೆ ಗೆರೆ ಇದೆ. ನಿನ್ನದು ಬೋಳು ಬೋಳು."

ಹೌದು. ದೇವರು, ಒಡೆಯ, ಆ ಗುರುವಿನ ಹೆಸರು, ಇಂಥ ಪದಗಳನ್ನು ಇವರು ಪೂರ್ತಿ ಬರೆಯುವುದಿಲ್ಲ. ಮೊದಲಕ್ಷರ, ಕೊನೆಯಕ್ಷರ, ಮೇಲೊಂದು ಗೆರೆ. ಗೌರವವಂತೆ. ನಾನು ಶ್ರದ್ಧೆಯಿಂದ ಪೂರ್ತಿ ಬರೆದಿದ್ದೆ. ಎಲ್ಲ ಒರೆಸಿ ಮತ್ತೆ ಬರೆದೆ.

ಆಮೇಲೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವಳು ಕದಿರು ನಿಲ್ಲಿಸಿದಳು. "ಒಂದು ಸಾಲು ನುಂಗಿದೆ."

"ಸಾಧ್ಯವೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಒಂದೇ ಒಂದು..."

ನುಂಗಿದ್ದೆ. ಎರಡು ಸಾಲು ಒಂದೇ ಪದದಲ್ಲಿ ಮುಗಿದಿದ್ದವು, ಕಣ್ಣು ಹಾರಿತ್ತು. ಇಡೀ ಪುಸ್ತಕ ಅವಳಿಗೆ ಬಾಯಿಪಾಠ. ಹಾಗಿದ್ದರೆ ಬರೆಸುವುದೇಕೆ ಎಂದು ಕೇಳಿದೆ.

"ನಾನು ಸಾಯಲ್ವಾ?" ಎಂದಳು, ನಾಳೆ ಸಂತೆಗೆ ಹೋಗಲ್ವಾ ಎನ್ನುವಂತೆ.

ಹಾಥೂರ್ ೨೮

ಭಾರಿ ಅವಮಾನ. ಕತ್ತೆ ಮಾರಾಟದ ಕರಾರು ಬರೆಯುವಾಗ "ಕತ್ತೆಯ ಒಡೆಯ" ಎಂಬಲ್ಲಿ, ಕೈಯ ರೂಢಿಯಿಂದ, ಎರಡೇ ಅಕ್ಷರ ಬರೆದು ಮೇಲೆ ಗೆರೆ ಎಳೆದುಬಿಟ್ಟಿದ್ದೇನೆ. ಕೊಳ್ಳುವವನು ದಿಟ್ಟಿಸಿ ನೋಡಿ, "ಇವನ್ಯಾಕೆ ಟೋಪಿ ಹಾಕ್ಕೊಂಡಿದಾನೆ?" ಎಂದ. ಮಸಿ ಚೆಲ್ಲಿತು ಎಂದು ಸುಳ್ಳು ಹೇಳಿ ಹೊಸ ಹಾಳೆ ತೆಗೆದೆ. ಕಾಸ್ತೋರ್ ಕತ್ತು ಚಾಚಿ ನೋಡುತ್ತಿದ್ದ.

ಪುಸ್ತಕದಲ್ಲಿ ನನಗೇನೂ ಆಸಕ್ತಿಯಿಲ್ಲ. ಬರೆಯುವುದು ಕೆಲಸ, ಅಷ್ಟೆ. ಮಧ್ಯಾಹ್ನ ಊಟಕ್ಕೆ ಹೋಗದೇ ಇದ್ದದ್ದು, ಕಥೆಯಲ್ಲಿ ಆ ಗುರು ಕುಡಿಯಲು ನೀರು ಕೇಳಿದಾಗ ಬಾವಿಯ ಹತ್ತಿರದ ಹೆಂಗಸು ಏನು ಉತ್ತರ ಕೊಡುತ್ತಾಳೋ ನೋಡೋಣವೆಂದು. ಚೆನ್ನಾಗಿಯೇ ಮಾತಾಡುತ್ತಾಳೆ. ನಮ್ಮ ಅಕ್ಕನ ಹಾಗೆ.

ಖೋಯಾಕ್ ತಿಂಗಳು, ೩

ಚಕ್ರವರ್ತಿಗಳ ಆಜ್ಞೆಯನ್ನು ದೇವಸ್ಥಾನದ ಕಂಬಕ್ಕೆ ಅಂಟಿಸಿದ್ದಾರೆ. ಕ್ರೈಸ್ತರ ಸಭೆ ಮುಚ್ಚಬೇಕು, ಅವರ ಪುಸ್ತಕಗಳನ್ನೆಲ್ಲ ಒಪ್ಪಿಸಬೇಕು, ಬಹಿರಂಗವಾಗಿ ಸುಡಬೇಕು. ಸರಪಮ್ಮೋನ್ ಅವರ ಜನ ಅಜ್ಜಿಯ ಪಂಗಡದ ಪ್ರಾರ್ಥನೆಯ ಮನೆಗೆ ಹೋಗಿ ಶೋಧಿಸಿದರು. ಸಿಕ್ಕಿದ್ದು ಒಂದು ಕಂಚಿನ ದೀಪ. ಅಲ್ಲಿ ದಿನಾ ಪುಸ್ತಕ ಓದಿ ಹೇಳುವವನು ಪೌಸಿರಿಯೋನ್, ಗಾಳಿಗೂ ಹೆದರುವ ಮನುಷ್ಯ. "ನೀನೇ ಓದುಗನಂತೆ, ಪುಸ್ತಕ ಎಲ್ಲಿ?" ಎಂದು ಕೇಳಿದ್ದಕ್ಕೆ, "ನನಗೆ ಅಕ್ಷರವೇ ಬರಲ್ಲ ಸ್ವಾಮಿ" ಎಂದನಂತೆ. ಹಾಗೆಂದು ಬರೆಸಿಕೊಂಡು ಅವನ ಪರವಾಗಿ ಬೇರೆಯವನಿಂದ ಸಹಿ ಹಾಕಿಸಿದರಂತೆ. ಇಡೀ ಪೇಟೆ ನಗುತ್ತಿದೆ.

ನಾನು ನಗಲಿಲ್ಲ. ಪುಸ್ತಕ ನನ್ನ ಮಣೆಯ ಕೆಳಗಿದೆ.

ಅಕ್ಕ ಹೇಳಿದಳು, "ಈಗಲೇ ಹೋಗಿ ವಾಪಸ್ ಕೊಟ್ಟು ಬಾ. ನಿನ್ನನ್ನ ಹಿಡ್ಕೊಂಡು ಹೋದ್ರೆ ಬುತ್ತಿ ತರೋಳು ನಾನಲ್ಲ." ನಾನು ಕಾನೂನಿಗೆ ತಲೆಬಾಗುವವನು. ಹಳೆಯದು, ಅರ್ಧ ಬರೆದ ಹೊಸದು, ಎರಡನ್ನೂ ಸುತ್ತಿಕೊಂಡು ಅಜ್ಜಿಯ ಮನೆಗೆ ಹೋದೆ. ಮಗ್ಗದ ಮುಂದೆ ಕುಳಿತಿದ್ದಳು. ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ.

"ಆಗ್ಲಿ ಮಗಾ, ನಿನ್ನ ತಪ್ಪೇನಿಲ್ಲ. ಬರೆದಷ್ಟನ್ನ ಒಂದ್ಸಲ ಓದಿ ಹೇಳಿ ಹೋಗು."

ಓದಿದೆ. ಹುಟ್ಟುಕುರುಡನೊಬ್ಬನಿಗೆ ಕಣ್ಣು ಬಂದ ಮೇಲೆ ಊರಿನ ದೊಡ್ಡವರೆಲ್ಲ ಸೇರಿ ಅದು ಹೇಗೆ ಬಂತೆಂದು ಅವನನ್ನೇ ದಬಾಯಿಸುವ ಭಾಗ. ಅಲ್ಲಿ ಒಂದು ಪದದ ಕಾಗುಣಿತ ತಪ್ಪಿದ್ದೆ. ಈ ಸಲ ಕಂಡುಹಿಡಿದವನು ನಾನೇ. ನನ್ನ ಕೈಬರಹದಲ್ಲಿ ಕಾಗುಣಿತ ತಪ್ಪಿದ ಪುಸ್ತಕ ಊರಿನಲ್ಲಿ ಇರಬಾರದು. ತಿದ್ದಿ ತರುತ್ತೇನೆಂದು ಎರಡನ್ನೂ ಮತ್ತೆ ಮನೆಗೆ ತಂದೆ. ತಿದ್ದುವುದಕ್ಕೆ ಮಾತ್ರ.

ಖೋಯಾಕ್ ೪

ತಿದ್ದಿದೆ. ಮಸಿ ಮಿಕ್ಕಿತ್ತು, ಒಣಗಿ ಹಾಳಾಗುತ್ತದಲ್ಲ ಎಂದು ಮುಂದಿನ ಆರು ಪುಟ ಬರೆದೆ.

ಖೋಯಾಕ್ ೧೨

ಈಗ ಮನೆಯ ಮಹಡಿಯ ಮೇಲೆ ಬರೆಯುತ್ತೇನೆ. ಅಕ್ಕ ಏಣಿಯ ಬುಡದಲ್ಲಿ ಬೇಳೆ ಆರಿಸುತ್ತ ಕಾವಲು. ಯಾರಾದರೂ ಬಂದರೆ ಜೋರಾಗಿ ಕೆಮ್ಮುವುದು ಒಪ್ಪಂದ. ಆದರೆ ಅವಳಿಗೆ ನಿಜವಾಗಿಯೇ ಕೆಮ್ಮು ಬಂದಿದೆ. ಬೆಳಿಗ್ಗೆಯಿಂದ ಹದಿನಾಲ್ಕು ಸಲ ಪುಸ್ತಕವನ್ನು ಹಿಟ್ಟಿನ ಗುಡಾಣಕ್ಕೆ ಇಳಿಸಿ ಮತ್ತೆ ಮೇಲಕ್ಕೆ ತಂದೆ.

ಇನ್ನೊಂದು ತೊಂದರೆ. ಹಾಳೆ ಎಷ್ಟು ಬೇಕೆಂದು ಅಂದಾಜು ತಪ್ಪಿದ್ದೇನೆ. ಮಡಿಚಿ ಹೊಲಿಯುವ ಪುಸ್ತಕಕ್ಕೆ ಕೊನೆಯಲ್ಲಿ ಹಾಳೆ ಸೇರಿಸಲು ಬರುವುದಿಲ್ಲ. ಆದ್ದರಿಂದ ಅಕ್ಷರ ಚಿಕ್ಕದು ಮಾಡುತ್ತ ಬಂದಿದ್ದೇನೆ. ಮೊದಲ ಪುಟಗಳಲ್ಲಿ ಕಡಲೆ, ಈಗ ಸಾಸಿವೆ.

ಸಂಜೆ ಅಜ್ಜಿ ನೂಲು ಕೊಡುವ ನೆಪದಲ್ಲಿ ಬಂದಳು. ಅವಳನ್ನು ನೋಡಿದ್ದೇ ನನಗೆ ರೇಗಿತು.

"ನಿಮ್ಮ ಗುರುವನ್ನ ಕೊಂದುಬಿಟ್ರಲ್ಲ, ಅಜ್ಜಿ! ಮೊದಲೇ ಹೇಳಬಾರದಿತ್ತಾ? ಇಷ್ಟು ದಿನದಿಂದ ಬರೀತಾ ಇದೀನಿ. ಜೊತೆಗಿದ್ದೋನು ಒಬ್ಬ, ಬೆಂಕಿ ಕಾಯಿಸ್ಕೊಳ್ತಾ ನಿಂತು, ಅವನ್ಯಾರೋ ಗೊತ್ತೇ ಇಲ್ಲ ಅಂತಾನೆ! ಮೂರು ಸಲ!"

"ಮುಂದೆ ಬರಿ, ಮಗಾ."

"ಮುಂದೆ ಬರೆಯೋಕೇನಿದೆ? ಮುಗೀತಲ್ಲ."

"ಇನ್ನೂ ಹಾಳೆ ಇದೆಯಲ್ಲ," ಎಂದು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು.

ಖೋಯಾಕ್ ೧೭

ಮುಗಿಯಿತು. ಅಜ್ಜಿ ನಕ್ಕದ್ದೇಕೆಂದು ಗೊತ್ತಾಯಿತು, ಅವನು ಸತ್ತೇ ಉಳಿಯಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಒಂದು ಆಕ್ಷೇಪ ಮಾತ್ರ ದಾಖಲಿಸಬೇಕು. ಕೊನೆಯಲ್ಲಿ ಬೆಸ್ತರು ಬಲೆ ಎಳೆಯುತ್ತಾರೆ, ಮೀನು ಸಿಗುತ್ತದೆ, ಎಷ್ಟು ಮೀನೆಂದು ಎಣಿಸಿಯೂ ಬರೆದಿದ್ದಾನೆ. ಯಾವ ಜಾತಿಯದೆಂದು ಬರೆದಿಲ್ಲ! ಅಷ್ಟು ಎಣಿಸುವ ಪುರುಸೊತ್ತಿದ್ದವನಿಗೆ ಮೂತಿ ನೋಡುವ ಪುರುಸೊತ್ತಿರಲಿಲ್ಲವೇ?

ಖೋಯಾಕ್ ೨೦

ಪೌಸಿರಿಯೋನ್ ಬೆಳಿಗ್ಗೆಯೇ ಓಡಿಬಂದ. ಹಲ್ಲು ಕಟಕಟ ಎನ್ನುತ್ತಿತ್ತು, ಅಕ್ಕ ಬಿಸಿ ಗಂಜಿ ಕುಡಿಸಿದ ಮೇಲೆ ಮಾತು ಹೊರಟಿತು. ನಿನ್ನೆ ಹೆರಾಯಿಸಜ್ಜಿಯನ್ನು ಹಿಡಿದುಕೊಂಡು ಹೋಗಿದ್ದಾರೆ. ಕಾಸ್ತೋರ್ ಹೋಗಿ ದೂರು ಹೇಳಿದ್ದಾನೆ: ಮುದುಕಿ ಹೊಸ ಪುಸ್ತಕ ಬರೆಸುತ್ತಿದ್ದಾಳೆ, ಹೊಲಿದದ್ದು, ಬರೆಯುತ್ತಿರುವವನು ಕೊಪ್ರೇಸ್, ಕಣ್ಣಾರೆ ನೋಡಿದ್ದೇನೆ ಅಂತ.

"ಅಜ್ಜಿ ಏನಂದಳು?"

"ಪುಸ್ತಕ ಎಲ್ಲಿ ಅಂತ ಕೇಳಿದ್ರೆ 'ತಲೇಲಿದೆ, ಬೇಕಾದ್ರೆ ಅದನ್ನ ಸುಡಿ' ಅಂದ್ಲು. ತಲೆಯನ್ನ ಪಟ್ಟಿಗೆ ಸೇರಿಸೋಕೆ ಆಗಲ್ಲ ಅಂತ ಸರಪಮ್ಮೋನ್ ಅವರು ಕೈ ಚೆಲ್ಲಿದ್ರು. ನಾಡಿದ್ದು ಬೆಳಿಗ್ಗೆಯೊಳಗೆ ಪುಸ್ತಕ ಬರದಿದ್ರೆ ಕಲ್ಲಿನ ಗಣಿಗೆ ಕಳಿಸ್ತಾರಂತೆ. ಎಪ್ಪತ್ತೆರಡು ವರ್ಷ ಅವಳಿಗೆ!"

"ಹಳೇ ಪುಸ್ತಕ ಕೊಟ್ರೆ?"

"ಹೊಸದು, ನಿಮ್ಮ ಕೈಬರಹದ್ದು ಅಂತ ಕಾಸ್ತೋರ್ ಗುರುತು ಸಮೇತ ಹೇಳಿಬಿಟ್ಟಿದಾನೆ. ಅದೇ ಬೇಕು. ನೀವು ಬರೀ ಕೂಲಿಗೆ ಬರೆದೋರು, ನೀವೇ ತಂದೊಪ್ಪಿಸಿದ್ರೆ ಸಾಕಂತೆ."

ಪೌಸಿರಿಯೋನ್ ಅಳುತ್ತ ಹೋದ. ಹೊಸ ಪುಸ್ತಕವನ್ನು ಹಿಟ್ಟಿನ ಗುಡಾಣದಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತೆ. ಕಡಲೆಯಿಂದ ಸಾಸಿವೆಯವರೆಗೆ. ಒಂದು ತಪ್ಪಿಲ್ಲ. ಕೊಟ್ಟರೆ ಅಜ್ಜಿ ಬರುತ್ತಾಳೆ, ಆದರೆ ಬಂದು ನನ್ನ ಮುಖ ನೋಡುವುದಿಲ್ಲ. ಕೊಡದಿದ್ದರೆ ಮುಖ ನೋಡಲು ಅವಳೇ ಇರುವುದಿಲ್ಲ.

ಖೋಯಾಕ್ ೨೧

ಹೊಲಿದ ಪುಸ್ತಕ, ಹೊಸದು, ನನ್ನ ಕೈಬರಹ. ಅಂಥದ್ದು ಮನೆಯಲ್ಲಿ ಇನ್ನೊಂದಿದೆ.

ಇದರಲ್ಲಿ ದೊಡ್ಡತನವೇನೂ ಇಲ್ಲ. ಅಜ್ಜಿಯ ಪುಸ್ತಕವನ್ನು ಮತ್ತೆ ಬರೆಯಲು ತಿಂಗಳು ಬೇಕು, ಎಡಗಣ್ಣು ಈಗಲೇ ಉರಿಯುತ್ತಿದೆ. ನನ್ನ ಕಾವ್ಯವಾದರೆ ನೆನಪಿನಿಂದಲೇ ಮತ್ತೆ ಬರೆಯಬಹುದು. ಪರೀಕ್ಷೆಗೆಂದು ಕಣ್ಣು ಮುಚ್ಚಿ ಎರಡನೆಯ ಸರ್ಗ ಹೇಳಲು ಹೊರಟೆ. ಮೀನಿಗೆ ಮಾತು ಬರುವುದು ನೆನಪಾಯಿತು. ಏನು ಮಾತಾಡುತ್ತದೆಂದು ನೆನಪಾಗಲಿಲ್ಲ.

ಬೆಳಗಿನಿಂದ ಕೂತು ಮೀನು ಎಂದಿರುವ ಕಡೆಯೆಲ್ಲ ನಡುವಿನ ಅಕ್ಷರ ಒರೆಸಿ ತಲೆಯ ಮೇಲೆ ಗೆರೆ ಎಳೆದೆ. ಆರುನೂರ ಹನ್ನೊಂದು ಕಡೆ. ಇಷ್ಟು ಮೀನು ಬೇಕಿರಲಿಲ್ಲ ಎಂದು ಇದೇ ಮೊದಲ ಸಲ ಅನ್ನಿಸಿತು.

ಖೋಯಾಕ್ ೨೨

ದೀಪದೆಣ್ಣೆ ಮುಗಿಯುತ್ತ ಬಂದಿದೆ. ಆದರೂ ಎಲ್ಲವನ್ನೂ ಬರೆಯಬೇಕು.

ದೇವಸ್ಥಾನದ ಮುಂದಿನ ಅಂಗಳ. ಸರಪಮ್ಮೋನ್ ಕುರ್ಚಿಯ ಮೇಲೆ, ಬೆಂಕಿ ಸಿದ್ಧ, ಅರ್ಧ ಊರು ನೆರೆದಿತ್ತು. ಅಜ್ಜಿ ನೆಲದ ಮೇಲೆ ಕೂತು ಅಲ್ಲಿಯೂ ನೂಲುತ್ತಿದ್ದಳು. ನಾನು ಹೋಗಿ ಪುಸ್ತಕ ಮುಂದಿಟ್ಟೆ.

"ಬರೆದು ಕೊಡೋದು ನನ್ನ ಕಸುಬು, ಸ್ವಾಮಿ. ಆಜ್ಞೆ ಬರೋಕೆ ಮುಂಚೆ ಹಿಡಿದ ಕೆಲಸ. ಆಜ್ಞೆ ಬಂತು, ತಂದೊಪ್ಪಿಸಿದೀನಿ."

ಅವರು ಪುಟ ತಿರುವಿದರು. ಇಡೀ ಊರಿನಲ್ಲಿ ಈ ಕಾವ್ಯದ ಮೊದಲ ಸರ್ಗವನ್ನು ಪೂರ್ತಿ ಕೇಳಿದವರು ಇವರೊಬ್ಬರೇ. ಅಮೋಘ ಎಂದವರು. ಎರಡು ಸಾಲು ಕಣ್ಣಿಗೆ ಬಿದ್ದರೆ ಸಾಕು, ನನ್ನ ಕಥೆ ಮುಗಿಯಿತು.

"ಇದೇನ್ರೀ, ಎಲ್ಲ ಕಡೆ ಮೀನು ಮೀನು ಅಂತ ಕಾಣುತ್ತೆ?"

"ಅದು ಅವರ ಗುಟ್ಟಿನ ಗುರುತು, ಸ್ವಾಮಿ. ಗೋಡೆ ಮೇಲೂ ಬರ್ಕೋತಾರಲ್ಲ."

"ಹೌದ್ಹೌದು, ಕೇಳಿದೀನಿ. ಗೆರೆ ಬೇರೆ ಎಳೆದಿದಾರೆ. ಎಲ್ಲಿ, ಸ್ವಲ್ಪ ಓದಿ. ಜನಕ್ಕೂ ಗೊತ್ತಾಗ್ಲಿ ಎಂಥ ವಿಷ ಇದು ಅಂತ."

ಓದಿದೆ. ಬೇರೆ ದಾರಿಯಿರಲಿಲ್ಲ. ಮೊದಲ ಸರ್ಗದ ಮೊದಲ ಸಾಲುಗಳು:

*ಓ ಚೂಪುಮೂತಿಯೇ, ನೈಲಿನ ನೆತ್ತಿಯೇ,*
*ನೀನಿಲ್ಲದ ನೀರು ಬರಿಯ ಒದ್ದೆಯೇ!*

ಸರಪಮ್ಮೋನ್ ಹುಬ್ಬುಗಂಟಿಕ್ಕಿದರು. ಸಿಕ್ಕಿಬಿದ್ದೆ ಎಂದುಕೊಂಡೆ.

"ನೀರು... ನೀರಲ್ಲಿ ಮುಳುಗಿಸೋ ಶಾಸ್ತ್ರ ಇದೆಯಲ್ಲ ಇವರದು, ಅದೇ ಇದು. ಮುಂದೆ ಓದಿ."

ಅವರಿಗೆ ಒಂದು ಸಾಲೂ ನೆನಪಿಲ್ಲ! ಮೂರೇ ವರ್ಷದ ಹಿಂದೆ, ಎರಡು ಗಂಟೆ ಹೊತ್ತು, ಮುಂದಿನ ಸಾಲಿನಲ್ಲಿ ಕೂತು! ಜೀವ ಉಳಿಯಿತೆಂಬ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಗಿ ದನಿ ಏರಿತು. ಸಿಟ್ಟಿನಲ್ಲಿ ಓದಿದ್ದಕ್ಕೋ ಏನೋ, ಜನ ಗಪ್‌ಚಿಪ್ಪಾಗಿ ಕೇಳಿದರು. ಮೀನು ಪ್ರವಾಹಕ್ಕೆ ಎದುರಾಗಿ ಈಜುವಲ್ಲಿ ಮೀನು ಮಾರುವವನು "ಹಾಂ!" ಎಂದ. ಹಿಂದಿನಿಂದ ಯಾರೋ "ಇನ್ನೊಂದ್ಸಲ ಹೇಳಯ್ಯ" ಎಂದು ಕೂಗಿದರು. ಇನ್ನೊಂದು ಸಲ! ಐವತ್ತೊಂದು ವರ್ಷದಲ್ಲಿ ಆ ಮಾತು ನನಗೆ ಯಾರೂ ಹೇಳಿರಲಿಲ್ಲ.

"ನೋಡಿದ್ರಾ," ಎಂದರು ಸರಪಮ್ಮೋನ್, "ಜನ ಹೇಗೆ ಮರುಳಾಗ್ತಾರೆ. ಇದಕ್ಕೇ ಸುಡಬೇಕು ಅನ್ನೋದು."

ಅಷ್ಟರಲ್ಲಿ ಕಾಸ್ತೋರ್ ಮುಂದೆ ಬಂದ. ನನ್ನ ಕಾವ್ಯ ಶುರುವಾದರೆ ಎರಡನೆಯ ಸಾಲಿಗೇ ಎದ್ದು ಹೋಗುವವನು, ಅಂದರೆ ಮೊದಲ ಸಾಲನ್ನು ನೂರು ಸಲ ಕೇಳಿದವನು.

"ಸ್ವಾಮಿ, ಇದನ್ನ ನಾನು ಎಲ್ಲೋ ಕೇಳಿದ ಹಾಗಿದೆ."

"ಹೌದೇನಪ್ಪ?" ಎಂದೆ. "ಹಾಗಾದ್ರೆ ನೀನೂ ಅವರ ಸಭೆಗೆ ಹೋಗ್ತಿದ್ದೆ ಅನ್ನು."

ಸರಪಮ್ಮೋನ್ ನಿಧಾನವಾಗಿ ಅವನತ್ತ ತಿರುಗಿದರು. ಕಾಸ್ತೋರ್‌ಗೆ ಎಲ್ಲೂ ಏನೂ ಕೇಳಿದ ನೆನಪು ಉಳಿಯಲಿಲ್ಲ.

ಕೊನೆಗೆ ಅಧಿಕಾರಿಗಳು ಅಜ್ಜಿಯನ್ನು ಕೇಳಿದರು. "ಇದೇನಾ ನಿನ್ನ ಪುಸ್ತಕ?"

ಅಜ್ಜಿ ಸುಳ್ಳು ಹೇಳುವವಳಲ್ಲ. ಕದಿರು ಕೆಳಗಿಟ್ಟಳು. ಪುಸ್ತಕ ನೋಡಿದಳು, ಬಹಳ ಹೊತ್ತು ನನ್ನನ್ನು ನೋಡಿದಳು.

"ಇವನ ಕೈಬರಹ ಸ್ವಾಮಿ ಅದು. ತುಂಬ ಪ್ರೀತಿಯಿಂದ ಬರೆದದ್ದು. ಅಂಥಾದ್ದು ಇನ್ನೊಂದಿಲ್ಲ. ದಮ್ಮಯ್ಯ, ಅದನ್ನ ಸುಡಬೇಡಿ." ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಸುರಿಯಿತು.

"ಅಳ್ತಾ ಇದಾಳೆ. ಸರಿ, ಇದೇ ಪುಸ್ತಕ," ಎಂದು ಸರಪಮ್ಮೋನ್ ಪಟ್ಟಿಯಲ್ಲಿ ಗುರುತು ಹಾಕಿಸಿ ಅವಳನ್ನು ಬಿಡಿಸಿದರು.

ಪಪೈರಸ್ ಹಾಳೆ ಒಣಗಿತ್ತು. ಬೇಗ ಹತ್ತಿತು.

ಖೋಯಾಕ್ ೨೩

ಬೇಳೆ ತಳ ಹಿಡಿದಿತ್ತು. ಪೂರ್ತಿ ತಿಂದೆ. ಅಕ್ಕ ತನ್ನ ತಟ್ಟೆಯ ಖರ್ಜೂರವನ್ನು ನನ್ನ ತಟ್ಟೆಗೆ ಹಾಕಿದಳು.

ತೂಬಿ ತಿಂಗಳು, ೨

ನಿನ್ನೆ ಅಜ್ಜಿಗೆ ಪುಸ್ತಕ ತಲುಪಿಸಿದೆ. ಹೊದಿಕೆ ಕೊಟ್ಟಳು. ಬಿಗಿಯಾದ ನೇಯ್ಗೆ, ಬೆಚ್ಚಗಿದೆ. ಕೆಲಸ ಮುಗಿಯಿತು, ಇನ್ನು ಆ ಕಡೆ ಹೋಗುವ ಅಗತ್ಯವಿಲ್ಲ ಎಂದುಕೊಂಡು ಹೊರಟರೆ, "ಇನ್ನೊಂದು ತೊಡಕಿದೆ ಮಗಾ" ಎಂದಳು. ಪೌಸಿರಿಯೋನ್ ಅಕ್ಷರ ಬಾರದವನೆಂದು ಸರ್ಕಾರದಲ್ಲಿ ದಾಖಲಾಗಿದೆ. ಅವನು ಈಗ ಓದುವುದು ಯಾರ ಕಣ್ಣಿಗಾದರೂ ಬಿದ್ದರೆ ಸುಳ್ಳು ಹೇಳಿಕೆಯ ಅಪರಾಧ. ಬೇರೆ ಯಾರಿಗೂ ಓದು ಬಾರದು.

ಸಾಸಿವೆಯ ಭಾಗವನ್ನು ನಾನಲ್ಲದೆ ಬೇರೆಯವರು ಓದುವುದೂ ಕಷ್ಟವೇ. ಅದಕ್ಕಾಗಿ ಇವತ್ತು ಬೆಳಗಿನ ಜಾವ ಅವರು ಸೇರುವ ಉಣ್ಣೆಯ ಕೊಟ್ಟಿಗೆಗೆ ಹೋದೆ. ಹನ್ನೊಂದು ಜನ, ಎರಡು ಆಡು. ನದಿಯ ಬಣ್ಣ ಬರೆಯದವನ ಪುಸ್ತಕವನ್ನು ಓದಿದೆ. ಯಾರೂ ಎದ್ದು ಹೋಗಲಿಲ್ಲ. ಆ ಬೆಸ್ತರು ರಾತ್ರಿಯಿಡೀ ಬರಿಗೈಯಲ್ಲಿ ದಣಿದು ಬರುವಾಗ ದಡದಲ್ಲಿ ಯಾರೋ ಕೆಂಡ ಮಾಡಿ ಅವರಿಗಾಗಿ ಮೀನು ಸುಡುತ್ತ ಕೂತಿರುತ್ತಾನಲ್ಲ, ಅಲ್ಲಿ ನಿಲ್ಲಿಸಿ ಕಣ್ಣೊರೆಸಿಕೊಂಡೆ. ಉಣ್ಣೆಯ ಧೂಳು.

ಹಿಂದೆ ತಿರುಗಿ ನೋಡಿದರೆ ಬಾಗಿಲ ಬಳಿ ಅಕ್ಕ. ಒಗೆದ ಬಟ್ಟೆ ಹಾಕಿಕೊಂಡು ಎಲ್ಲಿಗೆ ಹೊರಟ ಎಂದು ಹಿಂಬಾಲಿಸಿ ಬಂದಿದ್ದಳಂತೆ. ದಾರಿಯಲ್ಲಿ, "ನ್ಯಾಯ ಹೇಳ್ಬೇಕಂದ್ರೆ ನಿನ್ನ ಮೀನಿಗಿಂತ ಚೆನ್ನಾಗಿತ್ತು" ಎಂದಳು. ಸಿಟ್ಟು ಬರಬೇಕಿತ್ತು. ಬರೆಯಲೆಂದು ಕೂತರೆ ಸಿಟ್ಟು ಸಿಗುತ್ತಿಲ್ಲ.

ತೂಬಿ ೧೧

ಸರಪಮ್ಮೋನ್ ಕರೆಸಿದರು. ಒಗೆದ ಬಟ್ಟೆ ಹಾಕಿಕೊಂಡು ಹೋದೆ.

"ಕೊಪ್ರೇಸ್, ಆ ಗೆರೆ ಎಳೆದ ಪದಗಳನ್ನ ನೀವು ಎಷ್ಟು ಸಲೀಸಾಗಿ ಓದಿದ್ರಿ! ನನ್ನ ಜನಕ್ಕೆ ಯಾವುದು ಕ್ರೈಸ್ತರ ಪುಸ್ತಕ, ಯಾವುದು ಅಡುಗೆ ಪುಸ್ತಕ ಅಂತ ತಿಳಿಯೋದಿಲ್ಲ. ಇನ್ಮೇಲೆ ಸುತ್ತಲ ಹಳ್ಳಿಗಳಿಗೆ ನೀವೇ ಹೋಗ್ಬೇಕು. ನೀವು ಹೌದು ಅಂದದ್ದನ್ನ ಸುಡೋದು, ಅಲ್ಲ ಅಂದದ್ದನ್ನ ವಾಪಸ್ ಕೊಡೋದು."

ಪುಸ್ತಕ ಪರೀಕ್ಷಕ ಎಂಬ ಹುದ್ದೆ. ಮೊಹರು ಹಾಕಿದ ಪತ್ರ. ಕಾಸ್ತೋರ್ ಎದ್ದು ನಿಂತು ನಮಸ್ಕಾರ ಮಾಡಿದ.

ತೂಬಿ ೧೭

ಮೊದಲ ಹಳ್ಳಿ. ಜೊತೆಗೆ ಒಬ್ಬ ಸಿಪಾಯಿ, ಒಂದು ಕತ್ತೆ. ಅಲ್ಲಿಯ ಸಭೆಯ ಹಿರಿಯ ಹಿಯೆರಾಕ್ಸ್ ಎಂಬಾತ, ತಾನಾಗಿಯೇ ಪುಸ್ತಕ ತಂದು ಎರಡೂ ಕೈಯಲ್ಲಿ ಮುಂದೆ ಹಿಡಿದ. ಹೆದರಿಕೆಗೆ ಮುಖ ಬಿಳಿಚಿತ್ತು.

"ತಗೊಳ್ಳಿ ಸ್ವಾಮಿ. ಇದೇ. ನನಗೆ ನಾಲ್ಕು ಜನ ಹೆಣ್ಮಕ್ಕಳು."

ತೆರೆದೆ. ಎಂಥ ಕೈಬರಹ! ನನಗಿಂತ ಚೆನ್ನಾಗಿದೆ, ಇದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ಅದೇ ಬಾವಿ, ಅದೇ ಹೆಂಗಸು. ಗಟ್ಟಿಯಾಗಿ ಮುಚ್ಚಿದೆ.

"ದನದ ಕಾಯಿಲೆಗಳ ಪುಸ್ತಕ," ಎಂದೆ.

"ಅಲ್ಲ ಸ್ವಾಮಿ, ಇದು ನಮ್ಮ ಪವಿತ್ರ..."

"ದನದ ಕಾಯಿಲೆ."

"ನನ್ನ ಅಪ್ಪನ ಕಾಲದಿಂದ ನಾವು ದಿನಾ..."

"ಏನ್ರೀ, ಓದು ಬರೋದು ನಿಮಗೋ ನನಗೋ? ಕೆಚ್ಚಲು ಬಾವಿನ ಅಧ್ಯಾಯ ಬಹಳ ಚೆನ್ನಾಗಿದೆ. ಮನೆಗೆ ತಗೊಂಡು ಹೋಗಿ. ಒಣ ಜಾಗದಲ್ಲಿಡಿ. ಇಲಿ ಬಿಡಬೇಡಿ."

ಆ ಮನುಷ್ಯ ಬಾಯಿ ತೆರೆದು ನಿಂತ. ಆಮೇಲೆ ಅರ್ಥವಾಯಿತು. ನಗಬಾರದೆಂದು ಹಲ್ಲು ಕಚ್ಚಿಕೊಂಡು, "ಹೌದು ಸ್ವಾಮಿ, ನಮ್ಮ ಹಸುವಿಗೂ ಒಂಥರಾ ಹುಷಾರಿಲ್ಲ," ಎಂದು ಪುಸ್ತಕವನ್ನು ಎದೆಗವಚಿಕೊಂಡು ಓಡಿದ. ಓಡುವಾಗ ಒಂದು ಚಪ್ಪಲಿ ಬಿಟ್ಟು ಹೋದ.

ಸಿಪಾಯಿ ಕತ್ತೆಯ ಬೆನ್ನು ತುರಿಸುತ್ತ ಹೇಳಿದ, "ಇನ್ನೂ ಒಂಬತ್ತು ಹಳ್ಳಿ ಇವೆ. ಎಲ್ಲ ಕಡೆ ದನದ ಕಾಯಿಲೆ ಅಂದ್ರೆ ಯಜಮಾನರು ಒಪ್ಪಲ್ಲ ಕಣ್ರೀ. ಸುಡೋಕೆ ಅಂತ ಒಂದೆರಡಾದ್ರೂ ಬೇಕಲ್ಲ."

ಮಾತು ನಿಜ.

ತೂಬಿ ೧೮

ಬೆಳಗಿನಿಂದ ಮಹಡಿಯ ಮೇಲಿದ್ದೇನೆ. ಹಾಳೆ ಮಡಿಚಿ ಹೊಲಿದಾಯಿತು. ಈ ಸಲ ಮೊಸಳೆಯ ಮೇಲೆ. ಹನ್ನೆರಡು ಸರ್ಗ ಸಾಲದು, ದಪ್ಪವಾಗಿ ಕಾಣಬೇಕು, ಇಪ್ಪತ್ತನಾಲ್ಕಾದರೂ ಇರಲಿ.

ಮೊದಲ ಇಪ್ಪತ್ತು ಸಾಲು ಬಂದಿವೆ. ಓದಿ ನೋಡಿದೆ. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿಲ್ಲ. ಸುಡುವುದಕ್ಕೆ ಇದು ಸ್ವಲ್ಪ ಹೆಚ್ಚಾಯಿತು. ನಾಳೆ ಕೂತು ಕೆಡಿಸಬೇಕು.